ಸಾಬು ಬೆಳೆದದ್ದು ಹಾಲಿವುಡ್ಡಿಗೆ ಬೇಕಿರಲಿಲ್ಲ

ನಮ್ಮ ರೊದ್ದಂ ಸೀಮೆಯಲ್ಲಿ ನಟನನ್ನು ಕಿವಿಯಿಂದ ಅಳೆಯುತ್ತಾರೆ. ಹಿಂದೂಪುರದಿಂದ ಕಲ್ಯಾಣದುರ್ಗದವರೆಗೆ ಯಾವ ಹಳ್ಳಿಯಲ್ಲಿ ಕುರುಕ್ಷೇತ್ರ ಕಟ್ಟಿದರೂ ಜನ ಕೇಳುವ ಮೊದಲ ಮಾತು, ಕೃಷ್ಣನ ಪಾರ್ಟು ಯಾರದು, ಕಂಠ ಹೆಂಗಿದೆ ಅಂತ. ಹಾರ್ಮೋನಿಯಂ ಮೇಷ್ಟ್ರು ಊರಿಗೆ ಬಂದು ಕೂತರೆಂದರೆ ಪಾತ್ರ ಹಂಚುವ ಅಧಿಕಾರವೆಲ್ಲ ಅವರದೇ. ಎಡಗೈಯಲ್ಲಿ ತಿದಿ ಒತ್ತುತ್ತ, ಬಲಗೈಯ ಒಂದು ಬೆರಳು ಶ್ರುತಿಯ ಮೇಲಿಟ್ಟು, 'ಎತ್ತಪ್ಪಾ' ಅನ್ನುತ್ತಾರೆ. ಮೇಲಿನ ಷಡ್ಜ ಮುಟ್ಟಿದವನು ಕೃಷ್ಣ, ಅರ್ಧದಲ್ಲೇ ಗಂಟಲು ಹಿಡಿದವನು ಶಕುನಿ. ಏನೂ ಬಾರದವನಿಗೆ ಒಳ್ಳೆಯ ಮೈಕಟ್ಟು ಇದ್ದರೆ ಭೀಮ. ಆಟದ ರಾತ್ರಿ ಕೃಷ್ಣನ ಕಿರೀಟ ವಾಲಿದರೂ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ತೆಲುಗಿನ ಪದ್ಯ ಮುಗಿದು ಕನ್ನಡದ ಮಾತು ಶುರುವಾದರೂ ಯಾರಿಗೂ ಅದೇನು ವಿಚಿತ್ರವಲ್ಲ. ಶ್ರುತಿ ಜಾರಿತೋ, ಹಿಂದಿನ ಸಾಲಿನಿಂದ ಶಿಳ್ಳೆ ಬೀಳುತ್ತದೆ.

ಈ ಚಾಳಿಗೆ ಅಡ್ಡ ನಿಂತವರೂ ನಮ್ಮ ಕಡೆಯವರೇ. 1880ರಲ್ಲಿ ತಾಡಪತ್ರಿಯಲ್ಲಿ ಹುಟ್ಟಿದ ಬಳ್ಳಾರಿ ರಾಘವ ವೃತ್ತಿಯಿಂದ ವಕೀಲರು. ತೆಲುಗು, ಕನ್ನಡ, ಇಂಗ್ಲಿಷ್ ಮೂರೂ ಭಾಷೆಗಳಲ್ಲಿ ಬಣ್ಣ ಹಚ್ಚಿದವರು. ಸಾವಿನ ದೃಶ್ಯದಲ್ಲಿ ಕಾಲು ಗಂಟೆ ರಾಗ ಎಳೆಯುವುದು, ವನ್ಸ್ ಮೋರ್ ಬಿದ್ದರೆ ಸತ್ತ ಪಾತ್ರ ಎದ್ದು ಮತ್ತೊಮ್ಮೆ ಹಾಡುವುದು ಅವರಿಗೆ ಒಗ್ಗುತ್ತಿರಲಿಲ್ಲ. ಮಾತು, ಮುಖ, ಮೌನ ಇವುಗಳಲ್ಲೇ ನಟನೆ ಮುಗಿಯಬೇಕು ಎಂದು ಹಟ ಹಿಡಿದರು, ಅದರಲ್ಲೇ ದೊಡ್ಡವರಾದರು. ಆದರೂ ಊರಿನ ಜನ ಬದಲಾಗಲಿಲ್ಲ.

ಕಂಠಕ್ಕೆ ಇಷ್ಟು ಬೆಲೆ ಕಟ್ಟುವ ಈ ಕಡೆಯವನಾಗಿ ನಾನು ಸಾಬುವಿನ ಕಥೆಯನ್ನು ಮತ್ತೆ ಮತ್ತೆ ಓದಿದ್ದೇನೆ. ಹಾಲಿವುಡ್ಡಿನ ಸುವರ್ಣಯುಗದಲ್ಲಿ ಪೋಸ್ಟರಿನ ಮೇಲೆ ದೊಡ್ಡಕ್ಷರದಲ್ಲಿ ಹೆಸರು ಬರುತ್ತಿದ್ದ ಮೊದಲ ಭಾರತೀಯ ನಟ ಮೈಸೂರು ಸಂಸ್ಥಾನದ ಮಾವುತರ ಮನೆಯ ಹುಡುಗ. ಆನೆ ಲಾಯದಿಂದ ಹಾಲಿವುಡ್ಡಿಗೆ ಎಂಬ ಅಚ್ಚರಿಯ ಕಥೆಯಾಗಿ ಅದನ್ನು ಎಲ್ಲರೂ ಹೇಳುತ್ತಾರೆ. ನನಗೆ ಕಾಡುವುದು ಅದರಾಚೆಯ ಭಾಗ. ಹನ್ನೊಂದು ವರ್ಷದ ಹುಡುಗನನ್ನು ಎತ್ತಿಕೊಂಡು ಹೋದವರು ಅವನು ಇಪ್ಪತ್ತೊಂದಾದಾಗ ಏನು ಮಾಡಿದರು? ಒಬ್ಬ ನಟನಿಗೆ ಬಾಲ್ಯವೇ ಬಂಡವಾಳವಾದರೆ ಅದು ಎಷ್ಟು ದಿನ ಬಂದೀತು?

ಸಾಬು ಹುಟ್ಟಿದ್ದು 1924ರ ಜನವರಿ 27ರಂದು, ಈಗಿನ ಹೆಗ್ಗಡದೇವನಕೋಟೆ ತಾಲ್ಲೂಕಿನ ಕಾರಾಪುರದಲ್ಲಿ. ತಂದೆ ಮಹಾರಾಜರ ಆನೆಗಳ ಮಾವುತ. ಇಂಗ್ಲಿಷ್ ಪತ್ರಿಕೆಗಳು ಬಹುಕಾಲ ಅವನನ್ನು 'ಸಾಬು ದಸ್ತಗೀರ್' ಎಂದೇ ಬರೆದವು. ದಸ್ತಗೀರ್ ಎಂಬುದು ಅಣ್ಣ ಶೇಖ್ ದಸ್ತಗೀರನ ಹೆಸರು. ಕಡತದಲ್ಲಿ ಯಾರೋ ಮಾಡಿದ ಗೊಂದಲ ಹಾಗೇ ಅಂಟಿಕೊಂಡಿತು. ಚಿಕ್ಕಂದಿನಲ್ಲೇ ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡ ಹುಡುಗ ಮೈಸೂರಿನ ಅರಮನೆಯ ಆನೆ ಲಾಯದ ಆಸರೆಯಲ್ಲಿ ಬೆಳೆಯುತ್ತಿದ್ದ.

ಕಾರಾಪುರದ ಸುತ್ತಿನ ಕಾಡೆಂದರೆ ಕಾಕನಕೋಟೆಯ ಕಾಡು, ಖೆಡ್ಡಾದ ಕಾಡು. ಮೈಸೂರು ಸೀಮೆಯಲ್ಲಿ ಸ್ಯಾಂಡರ್ಸನ್ ಎಂಬ ಇಂಗ್ಲಿಷ್ ಅಧಿಕಾರಿ 1873-74ರಲ್ಲಿ ಈ ಪದ್ಧತಿಯನ್ನು ಶುರುಮಾಡಿದ. ತಮಟೆ, ಬೆಂಕಿ, ಕೂಗಾಟಗಳಿಂದ ಕಾಡಾನೆಯ ಹಿಂಡನ್ನು ದಿನಗಟ್ಟಲೆ ಅಟ್ಟಿಕೊಂಡು ಬಂದು, ಹೊಳೆ ದಾಟಿಸಿ, ಭಾರಿ ಮರದ ದಿಮ್ಮಿಗಳ ದೊಡ್ಡಿಯೊಳಗೆ ನುಗ್ಗಿಸುವುದು. ಆಮೇಲೆ ಪಳಗಿದ ಆನೆಗಳನ್ನು ಒಳಗೆ ಬಿಟ್ಟು, ಅವುಗಳ ಮರೆಯಲ್ಲಿ ಇಳಿದ ಜನ ಕಾಡಾನೆಯ ಕಾಲಿಗೆ ಹಗ್ಗ ಹಾಕುವುದು. ಬ್ರಿಟಿಷ್ ರಾಜವಂಶದವರು, ವೈಸರಾಯರು ಬಂದಾಗ ಮೈಸೂರು ಅರಮನೆ ತೋರಿಸುತ್ತಿದ್ದ ದೊಡ್ಡ ತಮಾಷೆ ಇದೇ. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಆಮೇಲೆ ಕಬಿನಿ ಅಣೆಕಟ್ಟೆ ಮೇಲೆದ್ದು ಆ ಕಾಡಿನ ದೊಡ್ಡ ಭಾಗ ನೀರಿನಡಿ ಸೇರಿತು. ಕಾರಾಪುರದಲ್ಲಿ ಮಹಾರಾಜರ ಬೇಟೆ ಬಂಗಲೆ ಇದ್ದ ಜಾಗದಲ್ಲಿ ಈಗ ಜಂಗಲ್ ಲಾಡ್ಜ್ ಇದೆ. ಸಾಬು ಅಲ್ಲಿಯವನು ಎಂಬುದು ಜೀಪ್ ಹತ್ತುವ ಪ್ರವಾಸಿಗರಲ್ಲಿ ಎಷ್ಟು ಮಂದಿಗೆ ಗೊತ್ತಿದೆಯೋ ಕಾಣೆ.

1935ರಲ್ಲಿ ರಾಬರ್ಟ್ ಫ್ಲಹರ್ಟಿ ಮೈಸೂರಿಗೆ ಬಂದಿಳಿದ. 1922ರ 'ನಾನೂಕ್ ಆಫ್ ದಿ ನಾರ್ತ್' ಮಾಡಿ ಸಾಕ್ಷ್ಯಚಿತ್ರದ ಪಿತಾಮಹ ಅನ್ನಿಸಿಕೊಂಡವನು. ಲಂಡನ್ನಿನ ನಿರ್ಮಾಪಕ ಅಲೆಗ್ಸಾಂಡರ್ ಕೋರ್ಡಾ ಅವನ ಕೈಗೆ ಕಿಪ್ಲಿಂಗನ ಒಂದು ಕಥೆ ಕೊಟ್ಟು ಕಳಿಸಿದ್ದ. ಆನೆಗಳು ಕುಣಿಯುವುದನ್ನು ಕಂಡ ಮಾವುತನ ಮಗ ತೂಮೈಯ ಕಥೆ ಅದು. ಸಿನಿಮಾ ತಂಡಕ್ಕೆ ಚಿತ್ತರಂಜನ ಮಹಲನ್ನೇ ಬಿಟ್ಟುಕೊಟ್ಟವರು ನಾಲ್ವಡಿ ಕೃಷ್ಣರಾಜ ಒಡೆಯರ್. ಆನೆ, ಕಾಡು, ಜನ ಯಾವುದಕ್ಕೂ ಕೊರತೆಯಿರಲಿಲ್ಲ. ಸಿಗಬೇಕಾಗಿದ್ದವನು ತೂಮೈ. ಅರಮನೆಯ ಲಾಯದಲ್ಲಿ ಛಾಯಾಗ್ರಾಹಕ ಓಸ್ಮಂಡ್ ಬೊರಡೇಲ್‌ನ ಕಣ್ಣಿಗೆ ಸಾಬು ಬಿದ್ದ.

ಆ ಕಥೆಯಿಂದ ಆದ 'ಎಲಿಫೆಂಟ್ ಬಾಯ್' ಚಿತ್ರದಲ್ಲಿ ಆ ಹುಡುಗ ಆನೆ ಏರುವ ಬಗೆಯನ್ನು ಒಮ್ಮೆ ಗಮನವಿಟ್ಟು ನೋಡಿ. ಸೊಂಡಿಲಿನ ಮಡಿಕೆಗೆ ಕಾಲಿಟ್ಟು, ಆನೆ ಎತ್ತುವ ಲಯಕ್ಕೇ ಮೈ ಸಡಿಲ ಬಿಟ್ಟು, ಕಿವಿ ಹಿಡಿದು ಕುತ್ತಿಗೆಯ ಮೇಲೆ ಕೂರುತ್ತಾನೆ. ಎಲ್ಲೂ ತಡವರಿಕೆ ಇಲ್ಲ. ಕುಳಿತ ಮೇಲೆ ಕಾಲ್ಬೆರಳು ಆನೆಯ ಕಿವಿಯ ಹಿಂದೆ ಸೇರಿಕೊಂಡು ಅಲ್ಲಿಂದಲೇ ಹೇಳಬೇಕಾದ್ದನ್ನು ಹೇಳುತ್ತದೆ, ಮೇಲಿನ ಅರ್ಧ ಮೈ ಮಾತ್ರ ಕ್ಯಾಮೆರಾದ ಜೊತೆ ಹರಟುತ್ತಿರುತ್ತದೆ. ಇದು ಯಾರೂ ಕಲಿಸಿದ ನಟನೆ ಅಲ್ಲ. ಲಾಯದಲ್ಲಿ ಬೆಳೆದ ಮೈಗೆ ಗೊತ್ತಿದ್ದ ಕೆಲಸ. ಕ್ಯಾಮೆರಾ ಎಂದರೆ ಭಯವಿಲ್ಲದ್ದು ಅವನ ಭಾಗ್ಯ. ನಗುವಾಗ ಇಡೀ ಮುಖ ಬಿಚ್ಚಿಕೊಳ್ಳುತ್ತಿತ್ತು.

ಫ್ಲಹರ್ಟಿ ಮೈಸೂರಿನಲ್ಲಿ ತಿಂಗಳುಗಟ್ಟಲೆ ರೀಲು ಸುತ್ತಿದ, ಕಥೆ ಮಾತ್ರ ಮುಂದೆ ಸಾಗಲಿಲ್ಲ. ಖರ್ಚು ಕಂಡು ಕೋರ್ಡಾನ ಎದೆ ಒಡೆಯಿತು. ಎಲ್ಲರನ್ನೂ ವಾಪಸ್ ಕರೆಸಿ, ಉಳಿದದ್ದನ್ನು ಇಂಗ್ಲೆಂಡಿನ ಡೆನಂ ಸ್ಟುಡಿಯೋದಲ್ಲಿ ತಮ್ಮ ಝೋಲ್ಟಾನ್‌ನಿಂದ ಮುಗಿಸಿದ. ಮಾವುತರ ಮುಖಂಡನ ಪಾತ್ರಕ್ಕೆ ಬಣ್ಣ ಬಳಿದ ಇಂಗ್ಲಿಷ್ ನಟ ಬಂದ. ಆನೆಗಳ ಕುಣಿತಕ್ಕೆ ಸ್ಟುಡಿಯೋದಲ್ಲಿ ಕೃತಕ ಆನೆ ಕಾಲುಗಳು ತಯಾರಾದವು. ಈ ಬೆರಕೆ ಚಿತ್ರವನ್ನು ಈಗ ನೋಡುವಾಗ ಕಾಕನಕೋಟೆಯ ಬಿಸಿಲಿನಿಂದ ಡೆನಂನ ದೀಪದ ಬೆಳಕಿಗೆ ಹಾರುವುದು ಕಣ್ಣಿಗೆ ಹೊಡೆಯುತ್ತದೆ. ಎರಡೂ ಕಡೆ ನಿಜವಾಗಿ ಉಳಿದಿರುವುದು ಹುಡುಗನೊಬ್ಬನೇ. 1937ರ ವೆನಿಸ್ ಚಿತ್ರೋತ್ಸವದಲ್ಲಿ ಅತ್ಯುತ್ತಮ ನಿರ್ದೇಶನದ ಪ್ರಶಸ್ತಿ ಇದಕ್ಕೇ ಬಂತು. ಅಷ್ಟು ಹೊತ್ತಿಗೆ ಸಾಬು ಅಣ್ಣನ ಜೊತೆ ಇಂಗ್ಲೆಂಡಿನಲ್ಲಿದ್ದ, ಅಲ್ಲಿಯ ಶಾಲೆಯಲ್ಲಿ ಇಂಗ್ಲಿಷ್ ಕಲಿಯುತ್ತಿದ್ದ.

ಇದೇ ಹೊತ್ತಿನಲ್ಲಿ ಕನ್ನಡ ಸಿನಿಮಾ ಏನು ಮಾಡುತ್ತಿತ್ತು ಎಂಬುದನ್ನು ಪಕ್ಕದಲ್ಲಿಟ್ಟು ನೋಡಬೇಕು. ನಮ್ಮ ಮೊದಲ ಟಾಕಿ 'ಸತಿ ಸುಲೋಚನ' ತೆರೆಗೆ ಬಂದದ್ದು 1934ರ ಮಾರ್ಚ್ 3ರಂದು, ಫ್ಲಹರ್ಟಿ ಮೈಸೂರಿಗೆ ಬರುವ ಹಿಂದಿನ ವರ್ಷ. ಸುಬ್ಬಯ್ಯ ನಾಯ್ಡು ಇಂದ್ರಜಿತು, ನಾಗೇಂದ್ರರಾಯರು ರಾವಣ, ತ್ರಿಪುರಾಂಬ ಸುಲೋಚನೆ. ಬಹುಮಟ್ಟಿಗೆ ಎಲ್ಲರೂ ಕಂಪನಿ ನಾಟಕದ ಗರಡಿಯಲ್ಲಿ ಪಳಗಿದವರು. ಆ ಗರಡಿಯ ರೀತಿಯೇ ಬೇರೆ. ಹುಡುಗನಾಗಿ ಸೇರಿದವನು ಪಾತ್ರೆ ತೊಳೆಯುತ್ತಾನೆ, ಪರದೆ ಎಳೆಯುತ್ತಾನೆ, ಬಾಲಪ್ರಹ್ಲಾದ, ಲೋಹಿತಾಶ್ವ ಆಗುತ್ತಾನೆ. ಹದಿಮೂರು ಹದಿನಾಲ್ಕಕ್ಕೆ ಗಂಟಲು ಒಡೆಯುತ್ತದೆ. ಆಗ ಮೇಷ್ಟ್ರು ಎರಡು ವರ್ಷ ಅವನನ್ನು ಹಿಂದಕ್ಕೆ ಸರಿಸಿ, ಬೆಳಗಿನ ಜಾವ ಸಾಧನೆ ಮಾಡಿಸಿ, ಹೊಸ ಗಂಟಲಿಗೆ ಹೊಸ ಪಾತ್ರ ಹುಡುಕುತ್ತಾರೆ. ಹುಡುಗ ಗಂಡಸಾಗುತ್ತಾನೆ ಎಂಬುದು ಕಂಪನಿಗೆ ಗೊತ್ತಿತ್ತು. ಅದಕ್ಕೆ ಜಾಗ ಇಟ್ಟಿತ್ತು.

ಸಾಬುವಿಗೆ ಇಂಥ ಮೇಷ್ಟ್ರು ಸಿಗಲಿಲ್ಲ. ಸಿಕ್ಕವರು ಕೋರ್ಡಾ ಸೋದರರು. ಅವರು ಕೆಟ್ಟವರೇನಲ್ಲ, ಹುಡುಗನನ್ನು ಪ್ರೀತಿಯಿಂದಲೇ ನೋಡಿಕೊಂಡರು. ಆದರೆ ಅವರದು ವ್ಯಾಪಾರ. 1938ರ 'ದಿ ಡ್ರಮ್' ಚಿತ್ರದಲ್ಲಿ ಅವನು ಗಡಿನಾಡಿನ ರಾಜಕುಮಾರ, ಬ್ರಿಟಿಷರ ಮಿತ್ರ. ಬ್ರಿಟಿಷ್ ಸಾಮ್ರಾಜ್ಯವನ್ನು ಹಾಡಿ ಹೊಗಳುವ ಆ ಚಿತ್ರದ ವಿರುದ್ಧ ಮುಂಬಯಿಯಲ್ಲಿ ಜನ ಬೀದಿಗಿಳಿದರು, ಪ್ರದರ್ಶನ ನಿಲ್ಲಿಸಬೇಕಾಯಿತು. ಹದಿನಾಲ್ಕರ ಹುಡುಗನಿಗೆ ತನ್ನ ದೇಶದಲ್ಲಿ ಸಿಕ್ಕ ಮೊದಲ ದೊಡ್ಡ ಸ್ವಾಗತ ಇದು. ಕಥೆ ಬರೆದವನು ಅವನಲ್ಲ, ಹಣ ಹೂಡಿದವನೂ ಅವನಲ್ಲ. ಪೋಸ್ಟರಿನ ಮೇಲಿನ ಮುಖ ಮಾತ್ರ ಅವನದು.

ಆಮೇಲೆ 1940ರ 'ದಿ ಥೀಫ್ ಆಫ್ ಬಾಗ್ದಾದ್'. ನನ್ನ ಲೆಕ್ಕದಲ್ಲಿ ಸಾಬುವಿನ ಅತ್ಯುತ್ತಮ ಚಿತ್ರ. ಇಂಗ್ಲೆಂಡಿನಲ್ಲಿ ಶುರುವಾಗಿ, ಯುದ್ಧ ಮೈಮೇಲೆ ಬಂದದ್ದರಿಂದ ಅರ್ಧಕ್ಕೇ ಕಟ್ಟಿ ಅಮೆರಿಕಕ್ಕೆ ಸಾಗಿಸಿ ಮುಗಿಸಿದ ಚಿತ್ರ. ಸಾಬು ಹಾಲಿವುಡ್ಡಿಗೆ ಬಂದು ನೆಲೆಯೂರಿದ್ದು ಹೀಗೆ, ಯುದ್ಧದ ದೆಸೆಯಿಂದ. ಆಗಿನ ಟೆಕ್ನಿಕಲರ್ ಕ್ಯಾಮೆರಾದಲ್ಲಿ ಒಂದೇ ದೃಶ್ಯ ಮೂರು ಬೇರೆ ಫಿಲ್ಮುಗಳ ಮೇಲೆ ಮೂರು ಬಣ್ಣಗಳಾಗಿ ಒಡೆದು ಬೀಳುತ್ತಿತ್ತು. ಅದಕ್ಕೆ ಬೆಳಕು ಎಷ್ಟು ಸುರಿದರೂ ಸಾಲದು. ಆ ಬೆಳಕಿನಡಿ ಬಿಳಿಯ ನಟರು ಗುಲಾಬಿ ಗೊಂಬೆಗಳಂತೆ ಕಾಣುವಾಗ ಸಾಬುವಿನ ಕಂದು ಮೈ ಮಾತ್ರ ಜೀವದಿಂದ ಹೊಳೆಯುತ್ತದೆ. ನೀಲಿ ಪರದೆಯ ಮುಂದೆ ನಟನನ್ನು ನಿಲ್ಲಿಸಿ ಹಿಂದಿನ ದೃಶ್ಯವನ್ನು ಆಮೇಲೆ ಸೇರಿಸುವ ತಂತ್ರ ದೊಡ್ಡ ಪ್ರಮಾಣದಲ್ಲಿ ಬಳಕೆಯಾದ ಮೊದಲ ಚಿತ್ರಗಳಲ್ಲಿ ಇದೂ ಒಂದು. ಸೀಸೆಯಿಂದ ಹೊರಬಂದ ಭೂತದ ಮುಂದೆ ಬೆರಳುದ್ದ ನಿಂತು ಅದನ್ನೇ ಮತ್ತೆ ಸೀಸೆಗಿಳಿಸುವ ಹುಡುಗನನ್ನು ನಾವು ನಂಬುವುದು ಈ ತಂತ್ರದಿಂದ ಸ್ವಲ್ಪ, ಅವನ ಕಣ್ಣಿನಲ್ಲಿನ ಕಿಡಿಗೇಡಿತನದಿಂದ ಬಹಳ. ಛಾಯಾಗ್ರಹಣ, ಕಲಾ ನಿರ್ದೇಶನ, ವಿಶೇಷ ತಂತ್ರ ಮೂರಕ್ಕೂ ಆಸ್ಕರ್ ಬಂತು.

ಈ ಚಿತ್ರದಲ್ಲಿ ಸಾಬು ಹಾಡಿದ್ದಾನೆ. ಮಿಕ್ಲೋಷ್ ರೋಜಾ ಸಂಗೀತ ಕೊಟ್ಟ ಪುಟ್ಟ ಹಾಡು. ಸೆರೆಯಿಂದ ತಪ್ಪಿಸಿಕೊಂಡ ಕಳ್ಳಹುಡುಗ ದೋಣಿಯಲ್ಲಿ ಕೂತು, ನಾವಿಕನಾಗುವ ಆಸೆಯನ್ನು ಹಾಡಿಕೊಳ್ಳುತ್ತಾನೆ. ನಮ್ಮ ಹಾರ್ಮೋನಿಯಂ ಮೇಷ್ಟ್ರ ಮುಂದೆ ಕೂರಿಸಿದರೆ ಪಾಸಾಗುವ ಕಂಠವಲ್ಲ ಅದು. ಸ್ವರ ತೆಳುವು, ಉಸಿರು ಅಲ್ಲಲ್ಲಿ ತುಂಡಾಗುತ್ತದೆ, ಉಚ್ಚಾರದಲ್ಲಿ ಊರಿನ ವಾಸನೆ ಇನ್ನೂ ಇದೆ. ಆದರೆ ಹುಡುಗನೊಬ್ಬ ತನಗಾಗಿ ಗುನುಗಿಕೊಳ್ಳುವುದು ಹೀಗೇ ತಾನೆ? ಪಕ್ಕದಲ್ಲಿ ಕೂತ ರಾಜಕುಮಾರ ಜಾನ್ ಜಸ್ಟಿನ್ ಒಂದು ರಾಗವನ್ನೂ ತೆಗೆಯಬೇಕಾಗಿಲ್ಲ, ಅವನ ಕೆಲಸ ಪ್ರೇಮ. ಹಾಡು, ಓಟ, ಕಳ್ಳತನ, ಜಾದೂ ಚಾಪೆ ಎಲ್ಲ ಹುಡುಗನ ಪಾಲಿಗೆ. ರಾಜಕುಮಾರಿ ರಾಜಕುಮಾರನ ಪಾಲಿಗೆ. ಈ ಹಂಚಿಕೆ ಆಮೇಲೆ ಬದಲಾಗಲೇ ಇಲ್ಲ ಎಂಬುದೇ ತೊಂದರೆ.

1942ರ 'ಜಂಗಲ್ ಬುಕ್'ನಲ್ಲಿ ಸಾಬು ಮೌಗ್ಲಿ. ಅವನ ಕೀರ್ತಿಯ ತುದಿ ಅದು. ಆ ಚಿತ್ರದ ಸಂಗೀತ ಗ್ರಾಮಫೋನ್ ತಟ್ಟೆಗಳಾಗಿ ಬಂದಾಗ ವಾದ್ಯವೃಂದದ ನಡುವೆ ಕಥೆ ಹೇಳುವ ದನಿ ಸಾಬುವಿನದೇ ಆಗಿತ್ತು. ಹಾಲಿವುಡ್ ಚಿತ್ರವೊಂದರ ಹಿನ್ನೆಲೆ ಸಂಗೀತವನ್ನು ಹೀಗೆ ತಟ್ಟೆಗಳಲ್ಲಿ ಮಾರಿದ್ದು ಆಗ ಹೊಸ ಸಂಗತಿ. ಕೆಲವೇ ವರ್ಷಗಳ ಹಿಂದೆ ಇಂಗ್ಲಿಷ್ ಅರಿಯದಿದ್ದ ಹುಡುಗ ಅಮೆರಿಕದ ಮನೆಮನೆಯ ಮಕ್ಕಳಿಗೆ ಇಂಗ್ಲಿಷಿನಲ್ಲಿ ಕಥೆ ಹೇಳುತ್ತಿದ್ದ. ಆ ದನಿಯನ್ನು ಯಾರಾದರೂ ಹಿಡಿದು ತಿದ್ದಿ ಬೆಳೆಸಬಹುದಿತ್ತು ಎಂದು ನನಗೆ ಅನ್ನಿಸುತ್ತದೆ. ಯಾರಿಗೂ ಹೊಳೆಯಲಿಲ್ಲ.

ಹೊಳೆದದ್ದು ಬೇರೆ. ಯೂನಿವರ್ಸಲ್ ಕಂಪನಿ ಅವನನ್ನು 'ಅರೇಬಿಯನ್ ನೈಟ್ಸ್', 'ವೈಟ್ ಸ್ಯಾವೇಜ್', 'ಕೋಬ್ರಾ ವುಮನ್' ಚಿತ್ರಗಳಿಗೆ ಹಾಕಿಕೊಂಡಿತು. 1942ರಿಂದ 1944ರವರೆಗೆ ಸಾಲಾಗಿ ಬಂದ ಬಣ್ಣದ ಚಿತ್ರಗಳು. ಮೂರರಲ್ಲೂ ನಾಯಕ ಜಾನ್ ಹಾಲ್, ನಾಯಕಿ ಮರಿಯಾ ಮೊಂಟೆಜ್. ಸಾಬು ನಾಯಕನ ಗೆಳೆಯ. ಓಡುತ್ತಾನೆ, ನಗಿಸುತ್ತಾನೆ, ಅಪಾಯದಲ್ಲಿ ಬಂದು ಕಾಯುತ್ತಾನೆ. ಬಾಗ್ದಾದಿನ ಕಥೆಗೆ ಮೈಸೂರಿನವನು ಗೆಳೆಯ, ಅಮೆರಿಕದವನು ಅರಬ್ಬಿ ನಾಯಕ. ಕಂದು ಮೈಯ ಗಂಡಸು ಬಿಳಿಯ ನಾಯಕಿಯ ಕೈ ಹಿಡಿಯುವುದನ್ನು ಆಗಿನ ಹಾಲಿವುಡ್ಡಿನ ನೇಮ ಒಪ್ಪುತ್ತಿರಲಿಲ್ಲ. ಹುಡುಗನಾಗಿದ್ದಷ್ಟು ದಿನ ಆ ಪ್ರಶ್ನೆ ಏಳುವುದಿಲ್ಲ. ಹಾಗಾಗಿ ಇಪ್ಪತ್ತಾದರೂ ಹುಡುಗನಾಗಿಯೇ ಉಳಿ ಎಂದರು.

ತೆರೆಯ ಮೇಲೆ ಸಿಗದ ಗಂಡಸುತನದ ಪಾತ್ರ ಅವನಿಗೆ ಯುದ್ಧದಲ್ಲಿ ಸಿಕ್ಕಿತು. ಇಲ್ಲಿ ಸ್ವಲ್ಪ ಕಾನೂನು ಹೇಳಬೇಕು. ಭಾರತದವರು ಅಮೆರಿಕದ ಪೌರರಾಗುವಂತಿಲ್ಲ ಎಂದು ಅಲ್ಲಿಯ ಸುಪ್ರೀಂ ಕೋರ್ಟು 1923ರಲ್ಲಿ ಭಗತ್ ಸಿಂಗ್ ಥಿಂಡ್ ಎಂಬವರ ಮೊಕದ್ದಮೆಯಲ್ಲಿ ತೀರ್ಪು ಕೊಟ್ಟಿತ್ತು. ಆ ಬಾಗಿಲು ತೆರೆದದ್ದು 1946ರ ಲೂಸ್-ಸೆಲ್ಲರ್ ಕಾಯ್ದೆಯಿಂದ. ಸಾಬು 1944ರಲ್ಲೇ ಪೌರನಾದ, ಸೈನ್ಯದ ದಾರಿಯಿಂದ. ವಾಯುಪಡೆ ಸೇರಿ, ಬಿ-24 ಲಿಬರೇಟರ್ ಬಾಂಬರ್ ವಿಮಾನದಲ್ಲಿ ಗುಂಡು ಹಾರಿಸುವವನಾಗಿ ಪೆಸಿಫಿಕ್ ಸಾಗರದ ಮೇಲೆ ಹತ್ತಾರು ದಾಳಿಗಳಲ್ಲಿ ಹಾರಿದ. ಬಾಲದ ತುದಿಯ ಗಾಜಿನ ಗೂಡಿನಲ್ಲಿ ಒಬ್ಬನೇ ಕೂರುವ ಕೆಲಸ ಅದು. ಮುಖ ಹಿಂದಕ್ಕೆ, ವಿಮಾನ ಮುಂದಕ್ಕೆ. ಶತ್ರು ವಿಮಾನ ಬೆನ್ನಟ್ಟಿದರೆ ಮೊದಲ ಗುರಿ ಇವನೇ. ಡಿಸ್ಟಿಂಗ್ವಿಷ್ಡ್ ಫ್ಲೈಯಿಂಗ್ ಕ್ರಾಸ್ ಪದಕ ಬಂತು. ಪ್ರಚಾರಕ್ಕಾಗಿ ಸಮವಸ್ತ್ರ ತೊಟ್ಟು ಫೋಟೋ ತೆಗೆಸಿಕೊಂಡ ತಾರೆಯರ ಸಾಲಿಗೆ ಇವನನ್ನು ಸೇರಿಸಬಾರದು.

ಹಿಂದಿರುಗಿ ಬಂದಾಗ ವಯಸ್ಸು ಇಪ್ಪತ್ತೊಂದು ದಾಟಿತ್ತು. 1947ರಲ್ಲಿ ಮೈಕೆಲ್ ಪವೆಲ್ ಮತ್ತು ಎಮೆರಿಕ್ ಪ್ರೆಸ್‌ಬರ್ಗರ್ ಮಾಡಿದ 'ಬ್ಲ್ಯಾಕ್ ನಾರ್ಸಿಸಸ್' ಸಿಕ್ಕಿತು. ಹಿಮಾಲಯದ ತುದಿಯಲ್ಲಿ ಕ್ರೈಸ್ತ ಸನ್ಯಾಸಿನಿಯರು ಮಠ ಕಟ್ಟುವ ಕಥೆ. ಹಿಮಾಲಯವೆಲ್ಲ ಇಂಗ್ಲೆಂಡಿನ ಪೈನ್‌ವುಡ್ ಸ್ಟುಡಿಯೋದಲ್ಲಿ, ಗಾಜಿನ ಮೇಲಿನ ಚಿತ್ರಗಳಲ್ಲಿ ಎದ್ದದ್ದು. ಊರಿನ ಹುಡುಗಿಯ ಪಾತ್ರದಲ್ಲಿ ಜೀನ್ ಸಿಮನ್ಸ್ ಕಂದು ಬಣ್ಣ ಬಳಿದುಕೊಂಡು ಮೂಗುತಿ ಇಟ್ಟುಕೊಂಡಳು. ಮುಖ್ಯ ಪಾತ್ರಗಳಲ್ಲಿ ಭಾರತದಲ್ಲಿ ಹುಟ್ಟಿ ಬೆಳೆದ ಭಾರತೀಯ ಸಾಬುವೊಬ್ಬನೇ. ರೇಷ್ಮೆ ಉಟ್ಟು, ಅತ್ತರು ಪೂಸಿ, ಸನ್ಯಾಸಿನಿಯರ ತರಗತಿಗೆ ಗಣಿತ, ಫ್ರೆಂಚ್ ಕಲಿಯಲು ಬಂದು ಕೂರುವ ಯುವ ಜನರಲ್ ಅವನು. ಮೈ ಪೂರಾ ಮುಚ್ಚಿದ ಬಟ್ಟೆಯಲ್ಲಿ, ಆನೆ ಹುಲಿಗಳಿಲ್ಲದೆ, ಬರೀ ಮಾತು ಮತ್ತು ಕಣ್ಣಿನಿಂದ ಪಾತ್ರ ಕಟ್ಟಿದ್ದಾನೆ. ಸ್ವಲ್ಪ ಜಂಬ, ಸ್ವಲ್ಪ ಮುಗ್ಧತೆ, ಕೊನೆಯಲ್ಲಿ ನಾಚಿಕೆ. ಇವನಿಗೆ ನಟನೆ ಬರುತ್ತಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಆದರೆ ಅದೇ ಕೊನೆ. ಆಮೇಲಿನದನ್ನು ಬೇಗ ಹೇಳಿ ಮುಗಿಸಬಹುದು. 'ಮ್ಯಾನ್-ಈಟರ್ ಆಫ್ ಕುಮಾವೂನ್', 'ಸಾಂಗ್ ಆಫ್ ಇಂಡಿಯಾ', 'ಸ್ಯಾವೇಜ್ ಡ್ರಮ್ಸ್', 'ಜಂಗಲ್ ಹೆಲ್'. ಹೆಸರು ಕೇಳಿದರೇ ಒಳಗೇನಿದೆ ಗೊತ್ತಾಗುತ್ತದೆ. ಹುಲಿ, ಬಳ್ಳಿ, ಲಂಗೋಟಿ. ಮೂವತ್ತರ ಗಂಡಸನ್ನು ಹನ್ನೆರಡರ ಹುಡುಗನ ಪಾತ್ರದೊಳಗೆ ತುರುಕುವ ಚಿತ್ರಗಳು, ಒಂದಕ್ಕಿಂತ ಒಂದು ಅಗ್ಗ. 1950ರ ದಶಕದ ಆರಂಭದಲ್ಲಿ ಲಂಡನ್ನಿನ ಹ್ಯಾರಿಂಗೇ ಸರ್ಕಸ್ಸಿನಲ್ಲಿ ಆನೆಗಳ ಜೊತೆ ಪ್ರದರ್ಶನವನ್ನೂ ಕೊಟ್ಟ. ನಡುವೆ ಇಟಲಿಯಲ್ಲಿ ವಿತ್ತೋರಿಯೊ ದೆ ಸಿಕಾನ ಜೊತೆ ನಟಿಸಿದ ಚಿತ್ರ ಒಂದಿದೆ. ಅದರಲ್ಲೂ ಆನೆ ಇದೆ.

ಊರಿಗೆ ಮರಳುವ ಒಂದು ಅವಕಾಶ ಬಂದಿತ್ತು. ಮೆಹಬೂಬ್ ಖಾನ್ 'ಮದರ್ ಇಂಡಿಯಾ'ದ ಬಿರ್ಜು ಪಾತ್ರಕ್ಕೆ ಮೊದಲು ಯೋಚಿಸಿದ್ದು ಸಾಬುವನ್ನು. ಅಮೆರಿಕದ ಪೌರನಾದವನಿಗೆ ಇಲ್ಲಿ ಕೆಲಸ ಮಾಡುವ ಪರವಾನಗಿ ಸಿಗಲಿಲ್ಲ. ಪಾತ್ರ ಸುನಿಲ್ ದತ್ತರ ಪಾಲಾಯಿತು, ಚಿತ್ರ 1957ರಲ್ಲಿ ಬಂತು, ದತ್ತರ ಬದುಕೇ ಬದಲಾಯಿತು. ಸಿಟ್ಟು, ಹಟ, ತಾಯಿಯ ಮೇಲಿನ ಪ್ರೀತಿ ಎಲ್ಲ ತುಂಬಿದ ಆ ಪಾತ್ರ ಸಾಬುವಿಗೆ ಸಿಕ್ಕಿದ್ದರೆ ಎಂದು ಯೋಚಿಸುವುದು ವ್ಯರ್ಥ, ಆದರೂ ಯೋಚಿಸದೆ ಇರಲಾಗುವುದಿಲ್ಲ. ದುಡಿಯುವ ನಾಡಿನ ಪೌರತ್ವವನ್ನು ಪ್ರಾಣ ಪಣಕ್ಕಿಟ್ಟು ಪಡೆದವನು, ಹುಟ್ಟಿದ ನಾಡಿನಲ್ಲಿ ಅದೇ ಕಾರಣಕ್ಕೆ ಹೊರಗಿನವನಾದ.

ಇನ್ನು ಕಂಠ ಬಂಡವಾಳವಾಗಿದ್ದವರ ಕಥೆ. ಸಾಬು ಹುಟ್ಟಿ ಐದು ವರ್ಷಕ್ಕೆ, 1929ರಲ್ಲಿ, ಮೈಸೂರಿನ ಗಡಿಯಾಚೆ, ಆಗಿನ ಮದ್ರಾಸ್ ಪ್ರಾಂತ್ಯದ ಇನ್ನೊಂದು ಕಾಡಂಚಿನ ಊರು ಗಾಜನೂರಿನ ಮನೆಯಲ್ಲಿ ಮುತ್ತುರಾಜ ಹುಟ್ಟಿದ. ತಂದೆ ಪುಟ್ಟಸ್ವಾಮಯ್ಯ ಗುಬ್ಬಿ ಕಂಪನಿಯ ನಟ. ಹುಡುಗ ಸ್ಕೂಲು ಬಿಟ್ಟು ಕಂಪನಿ ಸೇರಿದ, ಮಾಡದ ಕೆಲಸವಿಲ್ಲ. 1954ರಲ್ಲಿ 'ಬೇಡರ ಕಣ್ಣಪ್ಪ'ನಾಗಿ ರಾಜಕುಮಾರ್ ಎಂಬ ಹೆಸರು ಪಡೆದ. ಗಮನಿಸಿ, ಅವರೂ ನಾಯಕನಾಗಿ ತೆರೆಗೆ ಬಂದದ್ದು ಬರಿಮೈಯ ಕಾಡಿನವನಾಗಿಯೇ. ಆದರೆ ಅಲ್ಲಿ ನಿಲ್ಲಲಿಲ್ಲ. ಇಪ್ಪತ್ತು ವರ್ಷ ಅವರಿಗೆ ಹಾಡಿದ್ದು ಬಹುಪಾಲು ಪಿ.ಬಿ. ಶ್ರೀನಿವಾಸ್. 1974ರ 'ಸಂಪತ್ತಿಗೆ ಸವಾಲ್' ನಂತರ ತಮ್ಮ ಪಾತ್ರಗಳಿಗೆ ತಾವೇ ಹಾಡತೊಡಗಿದರು. ಆಗ ಅವರ ವಯಸ್ಸು ನಲವತ್ತೈದು. 'ಜೀವನ ಚೈತ್ರ'ದ ಹಾಡಿಗೆ ರಾಷ್ಟ್ರಪ್ರಶಸ್ತಿ ಬಂದಾಗ ಅರವತ್ತು ದಾಟಿತ್ತು. ಚಿಕ್ಕಂದಿನಲ್ಲಿ ಕಂಪನಿ ಕಲಿಸಿದ್ದ ಸ್ವರ ಅಲ್ಲಿಯವರೆಗೆ ಒಳಗೆ ಕಾದಿತ್ತು.

ಅವರಿಗಿಂತ ಹಿಂದಿನವರು ಹೊನ್ನಪ್ಪ ಭಾಗವತರ್. ನೆಲಮಂಗಲದ ಬಳಿಯ ಚೌಡಸಂದ್ರದವರು. ತಮಿಳಿನ ಗಾಯಕ ನಟ ಎಂ.ಕೆ. ತ್ಯಾಗರಾಜ ಭಾಗವತರ್ ಕೊಲೆ ಮೊಕದ್ದಮೆಯಲ್ಲಿ ಜೈಲು ಸೇರಿದಾಗ, ಅವರು ಮಾಡಬೇಕಾಗಿದ್ದ 'ಶ್ರೀ ಮುರುಗನ್' ನಮ್ಮ ಹೊನ್ನಪ್ಪನವರಿಗೆ ಬಂತು. 1946ರ ಆ ಚಿತ್ರದಲ್ಲಿ ಹೊನ್ನಪ್ಪನವರು ನಾಯಕ, ಶಿವನಾಗಿ ಕುಣಿದವರು ಮುಂದೆ ಮುಖ್ಯಮಂತ್ರಿಯಾದ ಎಂ.ಜಿ.ಆರ್. 1955ರಲ್ಲಿ ತಾವೇ 'ಮಹಾಕವಿ ಕಾಳಿದಾಸ' ತೆಗೆದು, ಸರೋಜಾದೇವಿಯನ್ನು ಪರಿಚಯಿಸಿದರು. ಬಸವೇಶ್ವರರಾದರು. ಮುಪ್ಪಿನಲ್ಲಿ ಸಿನಿಮಾ ಕೈಬಿಟ್ಟರೂ ಸಂಗೀತ ಕೈಬಿಡಲಿಲ್ಲ. ಭಾಗವತರ್ ಎಂದು ಕರೆಸಿಕೊಂಡವರಿಗೆ ಒಂದು ತಂಬೂರಿ, ಒಂದು ರಾಮೋತ್ಸವದ ಪೆಂಡಾಲು ಇದ್ದರೂ ಅದು ರಂಗವೇ.

ನಟನಿಗೆ ಕಂಠ ಇರಲೇಬೇಕು ಎಂಬ ವಾದ ನನ್ನದಲ್ಲ. ಹಿಂದೂಪುರದವರು 1985, 1989, 1994ರಲ್ಲಿ ಸಾಲಾಗಿ ವಿಧಾನಸಭೆಗೆ ಆರಿಸಿ ಕಳಿಸಿದ ಎನ್.ಟಿ. ರಾಮರಾವ್ ತೆರೆಯ ಮೇಲೆ ಹಾಡಿಗೆ ತುಟಿ ಆಡಿಸಿದಾಗ ದನಿ ಕೊಟ್ಟವರು ಘಂಟಸಾಲ. ಅದರಿಂದ ರಾಮರಾಯರ ಕೃಷ್ಣನಿಗೇನೂ ಕಡಿಮೆಯಾಗಲಿಲ್ಲ. ಆದರೆ ರಾಮರಾಯರಿಗೆ ಕೃಷ್ಣನ ನಂತರ ದುರ್ಯೋಧನ ಸಿಕ್ಕಿದ, ಭೀಷ್ಮ ಸಿಕ್ಕಿದ. ಮುಖ ದಪ್ಪಗಾದಂತೆ ಪಾತ್ರ ದಪ್ಪಗಾಯಿತು. ವಯಸ್ಸಿಗೊಂದು ಪಾತ್ರ ಎಂಬ ಈ ಏರ್ಪಾಡು ನಮ್ಮ ಪುರಾಣಗಳಲ್ಲಿದೆ, ಕಂಪನಿ ನಾಟಕದಲ್ಲಿದೆ. ಹಾಲಿವುಡ್ಡಿನಲ್ಲೂ ಇತ್ತು, ಬಿಳಿಯರಿಗೆ. ಸಾಬುವಿನ ಕಾಲದ ಬಿಳಿಯ ಬಾಲನಟರಲ್ಲಿ ಮಿಕಿ ರೂನಿ, ಎಲಿಜಬೆತ್ ಟೇಲರ್ ದೊಡ್ಡವರಾದರು, ಪ್ರೇಮಿಸಿದರು, ಮುದುಕರಾದರು, ಎಲ್ಲವನ್ನೂ ತೆರೆಯ ಮೇಲೆಯೇ. ಸಾಬುವಿಗೆ ಮೌಗ್ಲಿಯ ನಂತರದ ಪಾತ್ರ ಯಾರೂ ಬರೆಯಲಿಲ್ಲ.

ಹಾಗೆಂದು ಅವನ ಬದುಕನ್ನು ಗೋಳಿನ ಕಥೆ ಮಾಡುವುದೂ ನನಗೆ ಒಪ್ಪಿಗೆಯಿಲ್ಲ. ಇಂಗ್ಲಿಷಿನಲ್ಲಿ ಹಾಗೆ ಬರೆಯುವವರು ಬಹಳ. 'ಸಾಂಗ್ ಆಫ್ ಇಂಡಿಯಾ' ಚಿತ್ರೀಕರಣದಲ್ಲಿ ಪರಿಚಯವಾದ ಮೆರಿಲಿನ್ ಕೂಪರ್ ಎಂಬ ನಟಿಯನ್ನು 1948ರಲ್ಲಿ ಮದುವೆಯಾದ, ಕೊನೆಯವರೆಗೂ ಆ ಸಂಸಾರ ನಿಂತಿತು. ಲಾಸ್ ಏಂಜಲೀಸ್ ಪಕ್ಕದ ಕಣಿವೆಯಲ್ಲಿ ಮನೆ ಕಟ್ಟಿದ. ಅಣ್ಣನ ಜೊತೆ ಪೀಠೋಪಕರಣಗಳ ಅಂಗಡಿ ನಡೆಸಿದ, ಜಮೀನು ವ್ಯವಹಾರ ಮಾಡಿದ. ಹಾಲಿವುಡ್ಡಿನಲ್ಲಿ ಹಣ ಉಳಿಸಿಕೊಂಡ ಬಾಲತಾರೆಯರು ಕಡಿಮೆ, ಇವನು ಉಳಿಸಿಕೊಂಡ. 1960ರಲ್ಲಿ ಹಾಲಿವುಡ್ಡಿನ ಕಾಲುದಾರಿಯ ಮೇಲೆ ಅವನ ಹೆಸರಿನ ನಕ್ಷತ್ರ ಬಂತು. ಅದೇ ವರ್ಷ ಅಂಗಡಿಯಲ್ಲಿ ನಡೆದ ದರೋಡೆಯಲ್ಲಿ ಅಣ್ಣ ಕೊಲೆಯಾದ. ಮೈಸೂರು ಬಿಟ್ಟು ಹಡಗು ಹತ್ತಿದ ದಿನದಿಂದ ಜೊತೆಗಿದ್ದ ಒಬ್ಬನೇ ಒಬ್ಬ ಮನುಷ್ಯ. ಮೂರು ವರ್ಷಕ್ಕೆ, 1963ರ ಡಿಸೆಂಬರ್ 2ರಂದು, ಸಾಬು ಹೃದಯಾಘಾತದಿಂದ ತೀರಿಕೊಂಡ. ವಯಸ್ಸು ಮೂವತ್ತೊಂಬತ್ತು. ಕೆನಡಿ ಹತ್ಯೆಯಾಗಿ ಹತ್ತೇ ದಿನವಾಗಿತ್ತು. ಅವನು ಮುಗಿಸಿದ್ದ ಕೊನೆಯ ಚಿತ್ರ, ಡಿಸ್ನಿಯ 'ಎ ಟೈಗರ್ ವಾಕ್ಸ್', ಮರುವರ್ಷ ಬಂತು. ಅಲ್ಲಿಯೂ ಹುಲಿ.

1978ರಲ್ಲಿ ಅಮೆರಿಕದ ಜನಪದ ಗಾಯಕ ಜಾನ್ ಪ್ರೈನ್ ಸಾಬುವಿನ ಮೇಲೆ ಹಾಡೊಂದನ್ನು ಕಟ್ಟಿದ. ಚಳಿಗಾಲದ ಅಮೆರಿಕದ ಊರುಗಳಲ್ಲಿ ಸಿನಿಮಾ ಪ್ರಚಾರಕ್ಕೆ ಅಲೆಯುವ ಆನೆಹುಡುಗನ ಒಂಟಿತನವನ್ನು ಅರ್ಧ ತಮಾಷೆ, ಅರ್ಧ ಕನಿಕರದಲ್ಲಿ ಹೇಳುವ ಹಾಡು. ಆ ಹಾಡು ಅಲ್ಲಿ ಈಗಲೂ ಚಾಲ್ತಿಯಲ್ಲಿದೆ. ಸಾಬುವಿನ ಮಗ ಪಾಲ್ ಸಾಬು ಗಿಟಾರ್ ಹಿಡಿದು ರಾಕ್ ಗಾಯಕನಾದ, ತನ್ನದೇ ತಂಡ ಕಟ್ಟಿದ, ಇತರರಿಗೆ ಸಂಗೀತ ನಿರ್ಮಾಣ ಮಾಡಿದ. ಮಗಳು ಜಾಸ್ಮಿನ್ ಸಿನಿಮಾಗಳಿಗೆ ಕುದುರೆ ಪಳಗಿಸುವವಳಾದಳು.

ಸಾಬುವನ್ನು ನೋಡದವರು ಎಲ್ಲಿಂದ ಶುರುಮಾಡಬೇಕು ಎಂದು ಕೇಳಿದರೆ, 'ಜಂಗಲ್ ಬುಕ್' ಬೇಡ ಅನ್ನುತ್ತೇನೆ. ಸುಲಭವಾಗಿ ಸಿಗುವುದು ಅದೇ, ಎಲ್ಲರೂ ಅದನ್ನೇ ನೋಡಿ ನಿಲ್ಲಿಸುತ್ತಾರೆ. ಮೊದಲು 'ಎಲಿಫೆಂಟ್ ಬಾಯ್' ನೋಡಿ, ಮೈಸೂರಿನ ಹೊರಾಂಗಣ ದೃಶ್ಯಗಳಿಗಾಗಿ. ನಾಲ್ವಡಿಯವರ ಕಾಲದ ಕಾಡು, ಹೊಳೆ, ಆನೆಗಳು ಅಷ್ಟು ಚೆನ್ನಾಗಿ ಬೇರೆಲ್ಲೂ ಉಳಿದಿಲ್ಲ. ಆಮೇಲೆ 'ಬಾಗ್ದಾದ್', ಮಕ್ಕಳನ್ನು ಜೊತೆಗೆ ಕೂರಿಸಿಕೊಂಡು. ಒಂದು ವಾರ ಬಿಟ್ಟು, ಮಕ್ಕಳು ಮಲಗಿದ ಮೇಲೆ, 'ಬ್ಲ್ಯಾಕ್ ನಾರ್ಸಿಸಸ್'. ಅದರಲ್ಲಿ ಜನರಲ್ ತರಗತಿಗೆ ಬಂದು, ತಾನು ಕಲಿಯಬೇಕೆಂದಿರುವ ವಿಷಯಗಳ ಪಟ್ಟಿ ಒಪ್ಪಿಸುವ ದೃಶ್ಯವನ್ನು ಎರಡು ಸಲ ನೋಡಿದರೂ ನಷ್ಟವಿಲ್ಲ.